ಎಲುಬು ಕೂಡಿದ ಮೇಲೂ ಕಾಲು ಉರಿಯುವುದೇಕೆ?

ಸವದತ್ತಿ ತಾಲೂಕಿನ ಸಿರಸಂಗಿಯ ಸುತ್ತಮುತ್ತ ಬಹುಮಟ್ಟಿಗೆ ಎರೆಯ ಭೂಮಿ. ಒಂದು ಹದ ಮಳೆ ಬಿದ್ದಿತೆಂದರೆ ಹೊಲದ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಕಾಲಿಗೆ ಮಣ್ಣು ಮೆತ್ತಿಕೊಳ್ಳುವುದು. ಆ ಭಾರವನ್ನು ಹೊತ್ತ ಕಾಲು ಜಾರಿದರೆ ಮನುಷ್ಯನು ಪಕ್ಕಕ್ಕೆ, ಟೊಂಕದ ಮೇಲೆಯೇ ಬೀಳುವ ಸಂಭವ ಹೆಚ್ಚು. ಚಕ್ಕಡಿಯಿಂದ ಬಿದ್ದವರು, ಟ್ರ್ಯಾಕ್ಟರಿನ ಗಾಲಿಯ ಮೇಲಣ ತಗಡಿನ ಮೇಲೆ ಕುಳಿತು ಹೋಗುವಾಗ ಉರುಳಿದವರು, ಮೋಟರ್ ಸೈಕಲ್ಲಿನ ಅಪಘಾತಕ್ಕೆ ಸಿಕ್ಕ ತರುಣರು, ಬಚ್ಚಲಲ್ಲಿ ಜಾರಿದ ವೃದ್ಧೆಯರು ಈ ಸೀಮೆಯಲ್ಲಿ ಎಲ್ಲ ಊರುಗಳಲ್ಲಿಯೂ ಉಂಟು.

ಕೆಲವು ತಿಂಗಳುಗಳಲ್ಲಿ ಅವರಲ್ಲಿ ಹೆಚ್ಚಿನವರು ಎದ್ದು ನಡೆಯುವರು. ಕೆಲವರ ಪಾಡು ಬೇರೆ. ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ವೈದ್ಯರು “ಎಲುಬು ಚೆನ್ನಾಗಿ ಕೂಡಿದೆ” ಎನ್ನುವರು. ರೋಗಿಯೋ ತೊಡೆಯ ಹಿಂಬದಿಯಿಂದ ಪಾದದವರೆಗೆ ಬೆಂಕಿಯ ಗೆರೆ ಎಳೆದಂತಾಗುತ್ತದೆ ಎನ್ನುವನು. ಹಗಲು ಹೇಗೋ ಕಳೆಯುವುದು. ರಾತ್ರಿ ಹೊದ್ದಿಕೆಯ ಅಂಚು ತಾಗಿದರೂ ಸೈರಿಸಲಾಗದು. ಅದೇ ಪಾದದಿಂದ ಚಪ್ಪಲಿ ಕಳಚಿ ಬಿದ್ದರೆ ಮಾತ್ರ ತಿಳಿಯದು. ಉರಿಯೂ ಉಂಟು, ಅರಿವೂ ಇಲ್ಲ! ಮನೆಯವರಿಗೆ ಇದೊಂದು ಒಗಟು. ಅವರು ಮೊದಲು ಮರುಗುವರು, ಅನಂತರ ಬೇಸರಪಡುವರು, ಕಡೆಗೆ “ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಸೋಗು” ಎಂದುಬಿಡುವರು. ಈ ಕಡೆಯ ಮಾತು ಅನ್ಯಾಯದ್ದು ಹೇಗೋ ಹಾಗೆಯೇ ವಿಜ್ಞಾನದ ದೃಷ್ಟಿಯಿಂದ ತಪ್ಪೂ ಹೌದು.

ಕ್ಷ-ಕಿರಣಗಳ ಚಿತ್ರದಲ್ಲಿ ಎಲುಬು ಬೆಳ್ಳಗೆ ಕಾಣುವುದಕ್ಕೆ ಅದರಲ್ಲಿರುವ ಕ್ಯಾಲ್ಸಿಯಮ್ ಕಾರಣ. ಕ್ಯಾಲ್ಸಿಯಮ್ಮಿನ ಪರಮಾಣು ಈ ಕಿರಣಗಳನ್ನು ಚೆನ್ನಾಗಿ ಹೀರಿಕೊಳ್ಳುವುದು. ನರವಾದರೋ ಸುತ್ತಲಿನ ಮಾಂಸದಂತೆಯೇ ನೀರು, ಕೊಬ್ಬು, ಪ್ರೋಟೀನುಗಳಿಂದ ಆದುದು. ಕಿರಣಗಳು ಎರಡನ್ನೂ ಒಂದೇ ಬಗೆಯಲ್ಲಿ ಹಾದುಹೋಗುವುವು. ಆದುದರಿಂದ ಆ ಚಿತ್ರದಲ್ಲಿ ನರ ಕಾಣಿಸದು. ಎಲುಬಿನ ಚಿತ್ರ ಎಲುಬಿಗೆ ಮಾತ್ರ ಸಾಕ್ಷಿ. ನರದ ಮೊಕದ್ದಮೆಯಲ್ಲಿ ಅದರ ಹೇಳಿಕೆಗೆ ಬೆಲೆಯಿಲ್ಲ.

ಟೊಂಕದ ಕೀಲಿನ ರಚನೆಯನ್ನು ನೆನೆದರೆ ಮುಂದಿನದು ಸುಲಭವಾಗುವುದು. ತೊಡೆಯ ಎಲುಬಿನ ಮೇಲ್ತುದಿ ಗುಂಡಾಗಿದ್ದು ಟೊಂಕದ ಎಲುಬಿನ ಬಟ್ಟಲಿನಲ್ಲಿ ಕುಳಿತಿರುವುದು. ಈ ಬಟ್ಟಲಿನ ಬೆನ್ನಿಗೇ ಹತ್ತಿಕೊಂಡು ನಮ್ಮ ದೇಹದ ಅತ್ಯಂತ ದಪ್ಪನೆಯ ನರ ಕೆಳಗಿಳಿಯುವುದು. ಅದಕ್ಕೆ ಸಯಾಟಿಕ್ ನರವೆಂದು ಹೆಸರು. ಬೆನ್ನುಹುರಿಯ ಕೆಳಭಾಗದಿಂದ ಹೊರಟ ಐದು ಬೇರುಗಳು ಕೂಡಿ, ಹೆಬ್ಬೆರಳಿನಷ್ಟು ದಪ್ಪವಾಗಿ, ನಿತಂಬದ ಸ್ನಾಯುಗಳ ಅಡಿಯಲ್ಲಿ ಹಾದು, ತೊಡೆಯ ಹಿಂದೆ ಇಳಿದು, ಮೊಣಕಾಲಿನ ಮೇಲೆ ಎರಡಾಗಿ ಕವಲೊಡೆದು ಪಾದವನ್ನು ಸೇರುವುದು. ಅಪಘಾತದಲ್ಲಿ ತೊಡೆಯ ಗುಂಡು ಬಟ್ಟಲಿನಿಂದ ಹಿಂದಕ್ಕೆ ಜಾರಿತೆಂದರೆ ಅದು ನೇರವಾಗಿ ಈ ನರವನ್ನೇ ಒತ್ತುವುದು. ಹೀಗೆ ಹಿಂದಕ್ಕೆ ಜಾರಿದವರಲ್ಲಿ ನೂರಕ್ಕೆ ಸುಮಾರು 10ರಿಂದ 20 ಜನರಿಗೆ ನರಕ್ಕೂ ಪೆಟ್ಟು ತಗಲಿರುವುದೆಂದು ವೈದ್ಯಗ್ರಂಥಗಳು ಹೇಳುವುವು. ಬಟ್ಟಲು ಸೀಳಿದರೆ ಅದರ ಚೂರು ಚುಚ್ಚಬಹುದು. ಒಳಗೆ ರಕ್ತ ಹೆಪ್ಪುಗಟ್ಟಿ ಅದುಮಬಹುದು. ಶಸ್ತ್ರಕ್ರಿಯೆಯಲ್ಲಿ ಕಾಲನ್ನು ಎಳೆಯುವಾಗ ನರ ಹಿಗ್ಗಬಹುದು. ಗಾಯ ಮಾಗುವಾಗ ಹುಟ್ಟಿದ ಗಂಟು ಅದನ್ನು ಕಟ್ಟಿಹಾಕಬಹುದು. ನಿತಂಬಕ್ಕೆ ಸ್ಥಾನವರಿಯದೆ ಚುಚ್ಚಿದ ಸೂಜಿಯಿಂದಲೂ ಇದೇ ನರ ಕೆಡುವುದುಂಟು. ನಿತಂಬವನ್ನು ನಾಲ್ಕು ಭಾಗ ಮಾಡಿದಂತೆ ಭಾವಿಸಿ ಮೇಲಿನ ಹೊರಭಾಗಕ್ಕೇ ಚುಚ್ಚಬೇಕೆಂದು ದಾದಿಯರಿಗೆ ಕಲಿಸುವುದು ಇದಕ್ಕಾಗಿಯೇ.

ತೊಡೆಯ ಹೊರಮಗ್ಗುಲು ಮಾತ್ರ ಉರಿಯುತ್ತಿದ್ದರೆ ಕಾರಣ ಬೇರೆ ಇರಬಹುದು. ಅಲ್ಲಿಗೆ ಹೋಗುವುದು ಟೊಂಕದ ಮುಂಬದಿಯಲ್ಲಿ ಹಾಯುವ ಒಂದು ಸಣ್ಣ ನರ. ಬಿಗಿಯಾದ ಪಟ್ಟಿಯೋ ಲಾಡಿಯೋ ಒತ್ತಿದರೂ ಅದು ಸಿಟ್ಟಿಗೇಳುವುದು. ಉಡುಪನ್ನು ಸಡಿಲಿಸಿದರೆ ಎಷ್ಟೋ ಸಲ ತಾನಾಗಿ ಇಳಿಯುವುದು.

ಕಾಲಿನ ಈ ವೇದನೆ ನಮ್ಮವರಿಗೆ ಹೊಸದಲ್ಲ. ಚರಕ, ಸುಶ್ರುತ ಸಂಹಿತೆಗಳೆರಡರಲ್ಲಿಯೂ ‘ಗೃಧ್ರಸೀ’ ಎಂಬ ವ್ಯಾಧಿಯ ವರ್ಣನೆಯಿದೆ. ಗೃಧ್ರವೆಂದರೆ ಹದ್ದು, ರೋಗಿಯ ಕುಂಟುನಡಿಗೆ ಹದ್ದಿನ ನಡಿಗೆಯನ್ನು ನೆನಪಿಗೆ ತರುವುದರಿಂದ ಈ ಹೆಸರೆಂದು ಹೇಳುವುದುಂಟು. ಯುರೋಪಿನಲ್ಲಿ ನೇಪಲ್ಸಿನ ಡೊಮೆನಿಕೊ ಕೊಟುನ್ಯೊ ಎಂಬ ವೈದ್ಯನು 1764ರಲ್ಲಿ ಇದರ ಮೇಲೆಯೇ ಒಂದು ಗ್ರಂಥ ಬರೆದು, ಟೊಂಕದ ಕೀಲಿನ ನೋವು ಬೇರೆ, ನರದ ನೋವು ಬೇರೆ ಎಂದು ತೋರಿಸಿದನು. ಈ ಭೇದವನ್ನು ಇಂದಿಗೂ ಅನೇಕರು ಮರೆಯುವರು.

ನರವನ್ನು ವಿದ್ಯುತ್ತಿನ ತಂತಿಗೆ ಹೋಲಿಸುವುದು ವಾಡಿಕೆ. ಹೋಲಿಕೆ ಅರ್ಧ ನಿಜ. ತಾಮ್ರದ ತಂತಿಯಲ್ಲಿ ಸಂಕೇತ ಹರಿಯುವ ವೇಗ ಬೆಳಕಿನ ವೇಗಕ್ಕೆ ಸಮೀಪವಾದುದು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಅಳೆದಾಗ ಸಿಕ್ಕಿದ ವೇಗ ಸೆಕೆಂಡಿಗೆ ಸುಮಾರು 27 ಮೀಟರ್ ಮಾತ್ರ. ನರದಲ್ಲಿ ಪ್ರವಾಹ ಉದ್ದಕ್ಕೆ ಹರಿದುಹೋಗುವುದಿಲ್ಲ. ಎಳೆಯ ಗೋಡೆಯಲ್ಲಿರುವ ಸೂಕ್ಷ್ಮ ಬಾಗಿಲುಗಳು ಒಂದಾದ ಮೇಲೊಂದು ತೆರೆದು, ಸೋಡಿಯಮ್ ಅಯಾನುಗಳು ಒಳಗೆ ನುಗ್ಗಿ, ಪೊಟ್ಯಾಸಿಯಮ್ ಅಯಾನುಗಳು ಹೊರಬಂದು, ಆ ಕಲಕು ಅಲೆಯಂತೆ ಮುಂದಕ್ಕೆ ಸಾಗುವುದು. 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಇದನ್ನು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪನೆಯ ನರದ ಎಳೆಯಲ್ಲಿ ಲೆಕ್ಕಸಹಿತ ಸಾಧಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಒಂದೇ ನರದೊಳಗೆ ಬೇರೆಬೇರೆ ವೇಗದ ಎಳೆಗಳಿವೆ. ಸ್ಪರ್ಶವನ್ನು ಒಯ್ಯುವ ದಪ್ಪನೆಯ ಎಳೆಗಳು ಸೆಕೆಂಡಿಗೆ 50 ಮೀಟರಿನಷ್ಟು ಓಡಬಲ್ಲವು; ಉರಿಯನ್ನು ಒಯ್ಯುವ ಅತಿ ಸಣ್ಣ ಎಳೆಗಳು ಸುಮಾರು ಒಂದೇ ಮೀಟರ್ ನಡೆಯುವುವು. ಕತ್ತಲೆಯಲ್ಲಿ ಹೊಸ್ತಿಲನ್ನು ಎಡವಿದಾಗ ‘ತಾಗಿತು’ ಎಂಬುದು ಕೂಡಲೆ ತಿಳಿದು, ಒಂದು ಕ್ಷಣ ಕಳೆದು ಉರಿ ಏಳುವುದನ್ನು ವಾಚಕರು ಗಮನಿಸಿರಬಹುದು. ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರ್ ದಾರಿ. ಲೆಕ್ಕ ಸರಿಯಾಗಿಯೇ ಇದೆ. ಪೆಟ್ಟು ತಿಂದ ನರದಲ್ಲಿ ಕೆಲವು ಎಳೆಗಳು ಸುದ್ದಿಯನ್ನೇ ಒಯ್ಯಲಾರವು, ಉಳಿದವು ಇಲ್ಲದ ಸುದ್ದಿಯನ್ನು ಒಯ್ಯುವುವು. ಚಪ್ಪಲಿ ಕಳಚಿದುದು ತಿಳಿಯದ ಪಾದವೇ ಉರಿಯುವುದು ಹೀಗೆ. ಗಾಯಗೊಂಡ ಜಾಗದಲ್ಲಿ ಸೋಡಿಯಮ್ಮಿನ ಬಾಗಿಲುಗಳು ಗುಂಪುಗೂಡಿ, ಯಾರೂ ತಟ್ಟದಿದ್ದರೂ ತಾವೇ ತೆರೆದುಕೊಳ್ಳುವುವು. ಸುದ್ದಿ ಹುಟ್ಟಿದ್ದು ಟೊಂಕದಲ್ಲಿ. ಆದರೆ ಆ ಎಳೆ ಪಾದದಿಂದ ಬಂದುದಾದ ಕಾರಣ ಮಿದುಳು ‘ಪಾದ ಸುಡುತ್ತಿದೆ’ ಎಂದೇ ಓದುವುದು. ಇದು ಬಹುಕಾಲ ನಡೆದರೆ ಬೆನ್ನುಹುರಿಯೂ ತನ್ನ ದನಿಯನ್ನು ಏರಿಸಿಕೊಳ್ಳುವುದು. ಆಗ ಹೊದ್ದಿಕೆಯ ಅಂಚೂ ಕೆಂಡವಾಗುವುದು. ಅಮೆರಿಕದ ಅಂತರ್ಯುದ್ಧದ ಗುಂಡೇಟಿನ ಗಾಯಾಳುಗಳಲ್ಲಿ ಈ ಉರಿಯನ್ನು ಕಂಡು ವೀರ್ ಮಿಚೆಲ್ ಎಂಬ ವೈದ್ಯನು ತನ್ನ ಸಂಗಡಿಗರೊಡನೆ 1864ರಲ್ಲಿಯೇ ವಿವರವಾಗಿ ಬರೆದಿಟ್ಟಿದ್ದಾನೆ. ಆ ಸೈನಿಕರನ್ನು ಸೋಗುಗಾರರೆಂದು ಯಾರೂ ಕರೆಯಲಾರರು.

ಹಾಗಾದರೆ ಇದು ವಾಸಿಯಾಗುವುದೆ? ಉತ್ತರ ನರಕ್ಕೆ ಆದ ಹಾನಿಯ ಮಟ್ಟವನ್ನು ಅವಲಂಬಿಸಿದೆ. ಬ್ರಿಟನ್ನಿನ ಹರ್ಬರ್ಟ್ ಸೆಡನ್ 1943ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ತಂತಿಯ ಹೋಲಿಕೆಯನ್ನೇ ಮುಂದುವರಿಸಿ ಹೇಳುವುದಾದರೆ, ಮೊದಲನೆಯದರಲ್ಲಿ ಮೇಲಿನ ಹೊದಿಕೆ ಮಾತ್ರ ಜಜ್ಜಿರುವುದು. ವಾರಗಳಲ್ಲಿ ಅಥವಾ ಕೆಲವೇ ತಿಂಗಳುಗಳಲ್ಲಿ ಸರಿಹೋಗುವುದು. ಎರಡನೆಯದರಲ್ಲಿ ಒಳಗಿನ ಎಳೆ ತುಂಡಾಗಿದ್ದು ಕೊಳವೆ ಉಳಿದಿರುವುದು. ಮೂರನೆಯದರಲ್ಲಿ ಎಲ್ಲವೂ ಕಡಿದುಹೋಗಿರುವುದು. ಶಸ್ತ್ರಕ್ರಿಯೆಯಿಲ್ಲದೆ ಅದು ಕೂಡದು. ಎರಡನೆಯ ಬಗೆಯಲ್ಲಿ ಪೆಟ್ಟಿನ ಕೆಳಗಿನ ಎಳೆಯೆಲ್ಲ ಕ್ರಮವಾಗಿ ಕ್ಷಯಿಸಿ, ಮೇಲಿನ ತುದಿಯಿಂದ ಹೊಸ ಚಿಗುರು ಹಳೆಯ ಕೊಳವೆಯೊಳಗೆ ಬೆಳೆಯುತ್ತ ಬರಬೇಕು. ಆ ಬೆಳವಣಿಗೆಯ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಟೊಂಕದಿಂದ ಪಾದಕ್ಕೆ 90 ಸೆಂಟಿಮೀಟರ್ ಎಂದಿಟ್ಟುಕೊಂಡರೆ 900 ದಿನಗಳಾದುವು. ಅಂದರೆ ಹತ್ತಿರ ಹತ್ತಿರ ಎರಡೂವರೆ ವರ್ಷ! ಎಲುಬು ಮೂರು ನಾಲ್ಕು ತಿಂಗಳಲ್ಲಿ ಕೂಡುವುದು, ನರಕ್ಕೆ ವರ್ಷಗಳು ಬೇಕು. ಮನೆಯವರ ತಾಳ್ಮೆ ಎಲುಬಿನ ಲೆಕ್ಕದಲ್ಲಿ ಮುಗಿದುಹೋಗಿರುವುದು. ರೋಗಿಯು ನರದ ಲೆಕ್ಕದಲ್ಲಿ ಇನ್ನೂ ಅರ್ಧದಾರಿಯನ್ನೂ ಕ್ರಮಿಸಿರುವುದಿಲ್ಲ.

ಒಂದು ಕಹಿಸತ್ಯವನ್ನೂ ಇಲ್ಲಿ ಹೇಳಬೇಕು. ನರವು ತಲಪುವುದು ಬಹಳ ತಡವಾದರೆ ಸ್ನಾಯು ಅಷ್ಟರೊಳಗೆ ಒಣಗಿರುವುದು. ಆದುದರಿಂದ ಟೊಂಕದಲ್ಲಿ ತೀವ್ರವಾಗಿ ಕೆಟ್ಟ ನರದಿಂದ ಪಾದದ ಬಲ ಪೂರ್ಣವಾಗಿ ಮರಳುವುದು ಅಪರೂಪ. ಪಾದವನ್ನು ಮೇಲಕ್ಕೆ ಎತ್ತುವ ಕವಲು ವಿಶೇಷವಾಗಿ ಕೆಡುವುದರಿಂದ ನಡೆಯುವಾಗ ಪಾದದ ತುದಿ ನೆಲಕ್ಕೆ ಎಳೆಯುವುದು. ಇದಕ್ಕೆ ಪಾದವನ್ನು ಎತ್ತಿಹಿಡಿಯುವ ಹಗುರವಾದ ಅಚ್ಚುಪಟ್ಟಿ ದೊರೆಯುತ್ತದೆ. ಚಪ್ಪಲಿಯ ಬದಲು ಬೂಟಿನೊಳಗೆ ಅದನ್ನು ಧರಿಸಬಹುದು. ದಿನವೂ ಟವೆಲ್ಲಿನಿಂದ ಪಾದವನ್ನು ತನ್ನತ್ತ ಎಳೆದುಕೊಂಡು ಹಿಮ್ಮಡಿಯ ಸ್ನಾಯು ಬಿಗಿಯದಂತೆ ಕಾಯ್ದುಕೊಂಡರೆ, ನರ ಬಂದು ಸೇರಿದಾಗ ಕೀಲು ಸಿದ್ಧವಾಗಿರುವುದು.

ಇನ್ನು ಔಷಧಗಳ ಮಾತು. ತಲೆನೋವಿಗೆ, ಮೈಕೈನೋವಿಗೆ ನುಂಗುವ ಸಾಮಾನ್ಯ ಗುಳಿಗೆಗಳು ನರದ ಉರಿಗೆ ಹೆಚ್ಚು ನಾಟುವುದಿಲ್ಲ. ನಾಟಲಿಲ್ಲವೆಂದು ಪ್ರಮಾಣ ಏರಿಸುತ್ತ ಹೋದರೆ ಹೊಟ್ಟೆಯಲ್ಲಿ ಹುಣ್ಣಾಗುವುದು, ಮೂತ್ರಪಿಂಡ ಕೆಡುವುದು. ಹುಚ್ಚೆದ್ದ ನರವನ್ನು ಶಾಂತಗೊಳಿಸುವ ಔಷಧಗಳೇ ಬೇರೆ: ಅಮಿಟ್ರಿಪ್ಟಿಲೀನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲಾಕ್ಸೆಟೀನ್. ಇವುಗಳಲ್ಲಿ ಕೆಲವು ಮೂಲದಲ್ಲಿ ಮನೋವ್ಯಾಕುಲಕ್ಕೂ ಮೂರ್ಛೆರೋಗಕ್ಕೂ ಬಂದ ಔಷಧಗಳು. ಚೀಟಿಯಲ್ಲಿ ಅಂಥ ಹೆಸರನ್ನು ಕಂಡು “ನನಗೇನು ಹುಚ್ಚೆ?” ಎಂದು ಎಸೆಯುವವರುಂಟು, ಎಸೆಯಬೇಕಾದುದಿಲ್ಲ. ವೈದ್ಯರು ಅಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸುವರು; ಗುಣ ತಿಳಿಯಲು ವಾರಗಳು ಹಿಡಿಯುವುವು; ಎಲ್ಲರಿಗೂ ಹಿಡಿಸುವುದಿಲ್ಲ. ನಿದ್ದೆಯ ಮಂಪರು, ತಲೆಸುತ್ತು ಬರಬಹುದು. ಮೊದಲೇ ಒಮ್ಮೆ ಬಿದ್ದ ವೃದ್ಧರು ರಾತ್ರಿ ಎದ್ದಾಗ ಮತ್ತೆ ಬೀಳದಂತೆ ದೀಪವಿರಲಿ. ತಾವಾಗಿ ಒಮ್ಮೆಲೇ ನಿಲ್ಲಿಸಲೂ ಬಾರದು. ಸಕ್ಕರೆ ಕಾಯಿಲೆಯೋ ಬಿ-12 ಜೀವಸತ್ತ್ವದ ಕೊರತೆಯೋ ಇದ್ದರೆ ನರದ ಚೇತರಿಕೆಗೆ ಅಡ್ಡಿಯಾಗುವುದರಿಂದ ರಕ್ತಪರೀಕ್ಷೆ ಮಾಡಿಸುವುದು ಲೇಸು. ಕೊರತೆಯಿಲ್ಲದವರು ‘ನರಕ್ಕೆ ಶಕ್ತಿ’ ಎಂದು ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ನೋವಿನ ಜಾಗವನ್ನು ಸವರಿದರೆ ಹಾಯೆನಿಸುವುದಕ್ಕೂ ಕಾರಣವುಂಟು. 1965ರಲ್ಲಿ ಮೆಲ್‌ಜ್ಯಾಕ್ ಮತ್ತು ವಾಲ್ ಎಂಬವರು ಬೆನ್ನುಹುರಿಯಲ್ಲಿ ಒಂದು ‘ದಿಡ್ಡಿ’ ಇದೆಯೆಂದೂ, ಸ್ಪರ್ಶದ ಎಳೆಗಳು ಕೆಲಸಮಾಡುವಾಗ ನೋವಿನ ಸುದ್ದಿಗೆ ಅದು ಅರ್ಧ ಮುಚ್ಚುವುದೆಂದೂ ಸೂಚಿಸಿದರು. ಸಿದ್ಧಾಂತದ ವಿವರಗಳು ಆಮೇಲೆ ತಿದ್ದುಪಡಿಗೊಂಡಿವೆ, ತಿರುಳು ಉಳಿದಿದೆ. ರಾತ್ರಿ ಉರಿ ಹೆಚ್ಚಿದಂತೆ ತೋರುವುದಕ್ಕೆ ಹಗಲಿನ ಚಲನೆ, ಸ್ಪರ್ಶ, ಮಾತುಕತೆಗಳು ಆಗ ಇಲ್ಲದಿರುವುದೂ ಒಂದು ಕಾರಣ. ಮೊಣಕಾಲುಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗುವುದು, ಮೆತ್ತನೆಯ ಬಟ್ಟೆಯಿಂದ ಮೆಲ್ಲಗೆ ಸವರುವುದು, ಹಗಲಿನಲ್ಲಿ ಅರ್ಧಗಂಟೆಗೊಮ್ಮೆ ಕುಳಿತ ಭಂಗಿಯನ್ನು ಬದಲಿಸುವುದು ಇವೆಲ್ಲ ಕಾಸಿಲ್ಲದ ಉಪಾಯಗಳು. ಗಟ್ಟಿನೆಲದ ಮೇಲೆ ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂಡುವುದು, ಹಿಂದಿನ ಕಿಸೆಯಲ್ಲಿ ದಪ್ಪನೆಯ ಪಾಕೀಟು ಇಟ್ಟು ಬಸ್ಸಿನಲ್ಲಿ ಪ್ರಯಾಣ ಮಾಡುವುದು ನರಕ್ಕೆ ಒಗ್ಗದು. ಕೀಲನ್ನೇ ಬದಲಿಸಿಕೊಂಡವರು ಕುಕ್ಕರುಗಾಲಿನ ವಿಷಯದಲ್ಲಿ ತಮ್ಮ ಶಸ್ತ್ರವೈದ್ಯರ ಅಪ್ಪಣೆಯನ್ನು ಮೀರಬಾರದು.

ಅರಿವು ಕಳೆದ ಪಾದದ ರಕ್ಷಣೆ ಉರಿಯ ಶಮನಕ್ಕಿಂತ ಕಡಿಮೆಯ ವಿಷಯವಲ್ಲ. 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಸೇವೆ ಮಾಡಿದ ಡಾಕ್ಟರ್ ಪಾಲ್ ಬ್ರ್ಯಾಂಡರು, ಆ ರೋಗಿಗಳ ಬೆರಳುಗಳು ನಾಶವಾಗುವುದಕ್ಕೆ ಮುಖ್ಯ ಕಾರಣ ನೋವಿನ ಅರಿವಿಲ್ಲದೆ ಆಗುವ ಗಾಯಗಳೇ ಎಂದು ತೋರಿಸಿಕೊಟ್ಟರು. ಟೊಂಕದ ಪೆಟ್ಟಿನಿಂದ ಜೋಮು ಹಿಡಿದ ಪಾದಕ್ಕೂ ಇದೇ ನ್ಯಾಯ. ಬಿಸಿನೀರನ್ನು ಮೊದಲು ಕೈಯಿಂದ ನೋಡಬೇಕು. ಕಾಯಿಸಿದ ಇಟ್ಟಿಗೆಯ ಶಾಖ, ಉಸುಕಿನ ಶಾಖ ಆ ಕಾಲಿಗೆ ಬೇಡ. ಚರ್ಮ ಸುಟ್ಟರೂ ತಿಳಿಯದು. ಬರೆ ಹಾಕಿಸುವ ಪದ್ಧತಿಯಂತೂ ಸರ್ವಥಾ ತ್ಯಾಜ್ಯ. ಹೊಲಕ್ಕೆ ಬರಿಗಾಲಿನಲ್ಲಿ ಇಳಿಯಬಾರದು. ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಂಡು ಮುಳ್ಳು, ಬೊಬ್ಬೆ, ಬಿರುಕುಗಳನ್ನು ಹುಡುಕಬೇಕು.

ಈಗ ಊರುಗೋಲಿನ ವಿಷಯಕ್ಕೆ ಬರೋಣ. ಬಲಗಾಲು ನೋಯುವವನು ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಹೆಚ್ಚಿನವರು ಬಲಗೈಯಲ್ಲಿಯೇ ಹಿಡಿಯುವರು, ಅದು ತಪ್ಪು. ಸಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ ಆರಾಧ್ಯದೈವ. ಅವಳ ಭಕ್ತರಾದ ಬಡಿಗರಿಗೂ ಕಂಬಾರರಿಗೂ ಸನ್ನೆಯ ತತ್ತ್ವವನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಇತರರಿಗಾಗಿ ಲೆಕ್ಕವನ್ನು ಬಿಡಿಸೋಣ. 60 ಕಿಲೋಗ್ರಾಂ ತೂಕದವನು ಬಲಗಾಲೊಂದರ ಮೇಲೆ ನಿಂತಾಗ, ಆ ಕಾಲನ್ನು ಬಿಟ್ಟು ಉಳಿದ ಸುಮಾರು 50 ಕಿಲೋಗ್ರಾಂ ದೇಹ ಬಲಟೊಂಕದ ಗುಂಡನ್ನು ಆಧಾರಬಿಂದುವಾಗಿ ಮಾಡಿಕೊಂಡು ಎಡಕ್ಕೆ ವಾಲಲೆಳಸುವುದು. ಆ ಭಾರ ಆಧಾರದಿಂದ ಸುಮಾರು 10 ಸೆಂಟಿಮೀಟರ್ ದೂರದಲ್ಲಿದೆ. ಅದನ್ನು ತಡೆಯುವ ಟೊಂಕದ ಪಕ್ಕದ ಸ್ನಾಯುಗಳು ಕೇವಲ 5 ಸೆಂಟಿಮೀಟರ್ ದೂರದಲ್ಲಿವೆ. ಅಂದಮೇಲೆ ಸ್ನಾಯುಗಳು 100 ಕಿಲೋಗ್ರಾಂ ಬಲದಿಂದ ಎಳೆಯಬೇಕು. ಕೀಲಿನ ಮೇಲೆ ಬೀಳುವುದು ಎರಡೂ ಕೂಡಿ 150! ಎಡಗೈಯಲ್ಲಿ ಕೋಲು ಹಿಡಿದರೆ ಅದು ಆಧಾರದಿಂದ 40 ಸೆಂಟಿಮೀಟರ್ ದೂರ ನಿಲ್ಲುವುದು. ಅಲ್ಲಿ 8 ಕಿಲೋಗ್ರಾಂ ಬಲ ಊರಿದರೆ, ಭಾರದ 500ರ ತಿರುಗುಬಲದಲ್ಲಿ 320 ಕಳೆದು 180 ಉಳಿಯುವುದು. ಸ್ನಾಯುವಿನ ಪಾಲು 36ಕ್ಕೆ, ಕೀಲಿನ ಹೊರೆ 78ಕ್ಕೆ ಇಳಿಯುವುದು. ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ನಡಿಗೆಯಲ್ಲಿ ಇಳಿತ ಇದಕ್ಕಿಂತ ಕಡಿಮೆ. ಆದರೂ ಎಂಟು ಕಿಲೋಗ್ರಾಂ ಕೊಟ್ಟು ಅದರ ಹಲವು ಪಟ್ಟು ಗಳಿಸುವ ವ್ಯಾಪಾರವಿದು. ಬಲಗೈಯಲ್ಲಿಯೇ ಹಿಡಿದರೆ ಈ ಲಾಭವಿಲ್ಲ; ಮೈಯನ್ನೆಲ್ಲ ಕೋಲಿನ ಕಡೆಗೆ ವಾಲಿಸಿ ನಡೆಯಬೇಕಾಗಿ ಬೆನ್ನಿಗೂ ನೋವು ಅಂಟುವುದು. ಕೋಲಿನ ಎತ್ತರ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಇರಬೇಕು. ತುದಿಗೆ ರಬ್ಬರಿನ ಬಿರಡೆ ಇರಬೇಕು. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂಬುದನ್ನು ಮಾತ್ರ ಚಿಕಿತ್ಸೆ ಮಾಡಿದ ವೈದ್ಯರೇ ನಿರ್ಧರಿಸಬೇಕು.

ಕೆಲವು ಸಂದರ್ಭಗಳಲ್ಲಿ ತಡಮಾಡುವುದು ಅಪಾಯ. ಬಿದ್ದ ಕೂಡಲೆ ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿದ್ದರೆ ಗುಂಡು ಹಿಂದಕ್ಕೆ ಜಾರಿರುವ ಸಂಭವ ಹೆಚ್ಚು. ಅದನ್ನು 6 ತಾಸಿನೊಳಗೆ ಕೂಡಿಸುವುದು ಲೇಸೆಂಬುದು ಶಸ್ತ್ರವೈದ್ಯರ ಮತ; ತಡವಾದಷ್ಟೂ ಗುಂಡಿಗೆ ರಕ್ತವೊದಗದೆ ಅದು ಸಾಯುವ ಭಯವುಂಟು. ಎಣ್ಣೆ ಹಚ್ಚಿ ತಿಕ್ಕಿಸುವುದರಲ್ಲಿ ಆ ತಾಸುಗಳನ್ನು ಕಳೆಯಬಾರದು. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಸೀಮೆಯವರಿಗೆ ಉಂಟು. ಸಿರಸಂಗಿಯ ದಾನಿ ಲಿಂಗರಾಜ ದೇಸಾಯಿಯವರ ಹೆಸರಿನ ಕಾಲೇಜನ್ನು ಬೆಳಗಾವಿಯಲ್ಲಿ ನಡೆಸುವ ಕೆ.ಎಲ್.ಇ. ಸಂಸ್ಥೆಯೂ ಅಲ್ಲಿಯೇ 1963ರಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿತು. ಮುಂದೆ ಚಿಕಿತ್ಸೆಯ ನಡುವೆ ಮೀನಖಂಡ ಊದಿ ನೋಯುವುದು, ಒಮ್ಮೆಲೇ ಏದುಸಿರು ಬರುವುದು ರಕ್ತ ಹೆಪ್ಪುಗಟ್ಟಿದುದರ ಸೂಚನೆಯಾಗಿರಬಹುದು. ಅಂಥ ಕಾಲನ್ನು ತಿಕ್ಕಲೇಬಾರದು. ಮಲಮೂತ್ರಗಳ ಹಿಡಿತ ತಪ್ಪುವುದು, ಕುಳಿತುಕೊಳ್ಳುವ ಭಾಗಕ್ಕೆ ಜೋಮು ಹಿಡಿಯುವುದು, ಜ್ವರದೊಡನೆ ಟೊಂಕ ನೋಯುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಳ ಅನಂತರ ತೊಡೆಯ ಸಂದಿಯಲ್ಲಿ ಹೊಸ ನೋವು ಹುಟ್ಟಿದರೆ ಗುಂಡಿನ ಸ್ಥಿತಿಯನ್ನು ಮತ್ತೆ ಪರೀಕ್ಷಿಸಿಕೊಳ್ಳಬೇಕು.

ನರದಲ್ಲಿ ವಿದ್ಯುತ್ಸಂಕೇತ ಎಷ್ಟು ದೂರ ಹೋಗುತ್ತಿದೆಯೆಂದು ಅಳೆಯುವ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ಉಂಟು. ಪೆಟ್ಟಾದ ಸುಮಾರು ಮೂರು ವಾರಗಳ ಮೇಲೆಯೇ ಅದರ ಫಲ ಸ್ಪಷ್ಟವಾಗುವುದು. ಕೆಳಗಿನ ಎಳೆ ಕ್ಷಯಿಸಲು ಅಷ್ಟು ಕಾಲ ಬೇಕು. ಇನ್ನೊಂದು ಪರೀಕ್ಷೆಗೆ ಯಂತ್ರವೇ ಬೇಡ. 1915ರಲ್ಲಿ ಫ್ರಾನ್ಸಿನ ಜೂಲ್ ಟಿನೆಲ್ ಅದನ್ನು ವರ್ಣಿಸಿದನು. ನರದ ದಾರಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ, ಹೊಸ ಚಿಗುರಿನ ತುದಿಯಿರುವ ಜಾಗದಲ್ಲಿ ಪಾದದ ಕಡೆಗೆ ಜುಮ್ಮೆಂದು ಇರುವೆ ಹರಿದಂತಾಗುವುದು. ರೋಗಿಗೆ ಅಂಜಿಕೆ ಹುಟ್ಟಿಸುವ ಆ ಜುಮುಜುಮು ಇಲ್ಲಿ ಬೆಳವಣಿಗೆಯ ಗುರುತು. ನರ ಆಳವಾಗಿ ಹುದುಗಿರುವ ತೊಡೆಯಲ್ಲಿ ಇದು ಸುಲಭವಾಗಿ ಸಿಕ್ಕದಿದ್ದರೂ ಮೊಣಕಾಲಿನ ಕೆಳಗೆ ಚೆನ್ನಾಗಿ ಸಿಗುವುದು. ವೈದ್ಯರು ತಟ್ಟಿ ತೋರಿಸಿದ ಜಾಗವನ್ನು ಮೊಣಕಾಲಿನಿಂದ ಎಷ್ಟು ಸೆಂಟಿಮೀಟರ್ ಎಂದು ಅಳೆದು, ತಾರೀಖಿನೊಡನೆ ಬರೆದಿಟ್ಟುಕೊಳ್ಳಿರಿ. ಮರುತಿಂಗಳು ಅದು ಮೂರು ಸೆಂಟಿಮೀಟರಿನಷ್ಟು ಕೆಳಗಿಳಿದಿದ್ದರೆ ನರ ತನ್ನ ದಾರಿಯಲ್ಲಿದೆ. ಮೂರು ತಿಂಗಳಾದರೂ ಗುರುತು ಕದಲದೆ, ಪಾದದಲ್ಲಿ ಬಲವೂ ಕಾಣದೆ ಇದ್ದರೆ, ನರವನ್ನು ಬಿಚ್ಚಿನೋಡುವ ಶಸ್ತ್ರಕ್ರಿಯೆಯ ಬಗ್ಗೆ ವೈದ್ಯರನ್ನು ಕೇಳಲು ಅದೇ ಸಮಯ. ಆ ಪ್ರಶ್ನೆಯನ್ನು ಸಾಮಾನ್ಯವಾಗಿ ಪೆಟ್ಟಾದ ಮೂರರಿಂದ ಆರು ತಿಂಗಳೊಳಗೆ ತೀರ್ಮಾನಿಸುವರು.